ಸಿಗಾರ್ ಡಬ್ಬಿ ಗಿಟಾರ್: ಹೊಸ ಬೇವಾ, ಹಳೆ ಸಾಗವಾನಿಯಾ?

ಖಾಲಿ ಸಿಗಾರ್ ಡಬ್ಬಿಯನ್ನೇ ಒಡಲಾಗಿಸಿ ಮನೆಯಲ್ಲಿ ಕಟ್ಟುವ ಗಿಟಾರ್ ಇದು. ಅದರ ನೆಕ್‌ಗೆ, ಅಂದರೆ ತಂತಿ ಒತ್ತಿ ನುಡಿಸುವ ಉದ್ದನೆ ಹಿಡಿಗೆ, ನನ್ನ ಆಯ್ಕೆ ಹಳೆ ಸಾಗವಾನಿ; ಡಬ್ಬಿಗೆ 3 ಮಿ.ಮೀ. ಮುಚ್ಚಳ. ಕಲಬುರಗಿಯ ಒಂದು ಬೇಸಿಗೆ ಕಳೆದ ಮೇಲೆ ಇದರಲ್ಲಿ ಅನುಮಾನವೇ ಉಳಿದಿಲ್ಲ.

ಮಾವ ದುಬೈನಿಂದ ತಂದ ಎರಡು ಖಾಲಿ ಡಬ್ಬಿಗಳಿದ್ದವು, ಒಂದೇ ಅಳತೆಯವು. ಫೆಬ್ರವರಿಯಲ್ಲಿ ಎರಡನ್ನೂ ಕಟ್ಟಿದೆ. ಎರಡಕ್ಕೂ ಮೂರು ತಂತಿ, 635 ಮಿ.ಮೀ. ಉದ್ದ. ನೆಕ್‌ನ ಪಟ್ಟಿ ಡಬ್ಬಿಯನ್ನು ತೂರಿಕೊಂಡು ಆಚೆ ತುದಿಯವರೆಗೆ ಹೋಗುತ್ತದೆ. ತಂತಿಯ ಎಳೆತವನ್ನೆಲ್ಲ ಅದೇ ಹೊರಬೇಕು.

ಮೊದಲನೆಯದಕ್ಕೆ ಕಟ್ಟಿಗೆ ಅಡ್ಡೆಯಿಂದ ಬೇವಿನ ಪಟ್ಟಿ ತಂದೆ. 'ಪೂರ್ತಿ ಒಣಗೇದ, ತಗೋರಿ' ಅಂದರು. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟಿತು, ನೆಕ್ ಬಿಲ್ಲಿನಂತೆ ಬಾಗಿತು. ನಡುವೆ ತಂತಿಯ ಕೆಳಗೆ ಪೆನ್ಸಿಲ್ ತೂರುತ್ತಿತ್ತು. ಒತ್ತಿದರೆ ಬೆರಳು ನೋವು, ಸ್ವರವೂ ಮೇಲೇರುತ್ತಿತ್ತು. ಬೇವಿನ ತಪ್ಪಲ್ಲ, ಒಳಗೆ ಹಸಿ ಉಳಿದಿತ್ತು.

ಎರಡನೆಯದರ ನೆಕ್ ಆಳಂದದ ಅಜ್ಜನ ಮನೆ ಕೆಡವಿದಾಗ ಸಿಕ್ಕ ಬಾಗಿಲ ಚೌಕಟ್ಟಿನದು. ಅದೇ ಬೇಸಿಗೆ, ಅದೇ ಕೋಣೆ. ಸ್ಟೀಲ್ ಸ್ಕೇಲ್ ಇಟ್ಟು ನೋಡಿದರೆ ಇವತ್ತಿಗೂ ನೇರ.

ನನ್ನನ್ನು ಜಾಸ್ತಿ ಕಾಡಿದ್ದು ಮಾತ್ರ ಬೇರೆ. ಸಾಗವಾನಿಯದಕ್ಕೆ ತಂತಿ ಬಿಗಿದು ಮೀಟಿದರೆ 'ಟಕ್' ಅಂತ ಸದ್ದು, ಅಲ್ಲೇ ಮುಗಿಯಿತು. ತಂತಿ ಬದಲಿಸಿದೆ. ಕುದುರೆ (ಮುಚ್ಚಳದ ಮೇಲೆ ತಂತಿಯನ್ನು ಹೊರುವ ಬ್ರಿಡ್ಜ್) ಬದಲಿಸಿದೆ. ಒಂದು ವಾರ ಹೀಗೇ ಹೋಯಿತು. ಕೊನೆಗೆ ಬೆರಳ ಗೆಣ್ಣಿನಿಂದ ಮುಚ್ಚಳ ತಟ್ಟುತ್ತಾ ಹೋದೆ. ಅಂಚಿನ ಕಡೆ ದುಂ ಅನ್ನುತ್ತಿತ್ತು, ನಡುವೆ ಗೋಡೆ ತಟ್ಟಿದಂತೆ. ಒಳಗಿನ ಪಟ್ಟಿ ಮುಚ್ಚಳಕ್ಕೆ ಅಂಟಿಕೊಂಡು ನಿಂತಿತ್ತು!

ನಮ್ಮ ಕಡೆ ತತ್ವಪದ ಹಾಡುವವರ ಏಕತಾರಿ ನೋಡಿದ್ದೀರಲ್ವಾ? ಕೋಲು ಬುರುಡೆಯನ್ನು ತೂರಿ ಹೋಗುತ್ತದೆ, ಆದರೆ ಮೇಲಿನ ಚರ್ಮಕ್ಕೆ ಸೋಕುವುದಿಲ್ಲ. ಚಿಕ್ಕಂದಿನಿಂದ ನೋಡಿದ್ದು, ಆಗ ನೆನಪಾಗಲಿಲ್ಲ. ತಂತಿ, ಮುಚ್ಚಳ ಬಿಚ್ಚಿ, ಡಬ್ಬಿಯೊಳಗಿನ ಭಾಗವನ್ನಷ್ಟೇ ಉಳಿಯಿಂದ 3 ಮಿ.ಮೀ. ತಗ್ಗಿಸಿದೆ. ಮೂರು ಎಟಿಎಂ ಕಾರ್ಡ್ ಜೋಡಿಸಿ ಸಂದಿಯಲ್ಲಿ ಆಡಿಸಿ ನೋಡಿದೆ, ಎಲ್ಲೂ ತಡೆಯಲಿಲ್ಲ. ಮತ್ತೆ ತಂತಿ ಬಿಗಿದು ಮೀಟಿದಾಗ ಅಡುಗೆಮನೆಯಿಂದ ಅವ್ವ ಹೊರಗೆ ಬಂದು ನೋಡಿದಳು. ಬೇವಿನದಕ್ಕೂ ಇದೇ ತೊಂದರೆ, ಆದರೆ ಅದರ ಮುಚ್ಚಳ ಅಂಟು ಹಾಕಿ ಕೂರಿಸಿಬಿಟ್ಟಿದ್ದೆ. ಆದ್ದರಿಂದ ಮುಚ್ಚಳಕ್ಕೆ ಸ್ಕ್ರೂ ಹಾಕಿ, ಅಂಟು ಬೇಡ.

ಮುಚ್ಚಳದ ದಪ್ಪ: ಬೇವಿನದಕ್ಕೆ 6 ಮಿ.ಮೀ. ಪ್ಲೈವುಡ್ ಹಾಕಿದ್ದೆ, ಕುದುರೆ ಒತ್ತಿ ಕುಸಿಯುತ್ತದೆಂಬ ಭಯಕ್ಕೆ. ಸುಮ್ನೆ ಭಯ. ಸಾಗವಾನಿಯದರ 3 ಮಿ.ಮೀ. ಮುಚ್ಚಳ ಕುಸಿದಿಲ್ಲ, ನಾದವೂ ಹೆಚ್ಚು ಹೊತ್ತು ನಿಲ್ಲುತ್ತದೆ.

ತಂತಿ: ಮಾಮೂಲಿ ಗಿಟಾರ್ ಸೆಟ್‌ನ 5, 4, 3ನೇವು. ಐದನೆಯದನ್ನು ಎ ಸ್ವರದಿಂದ ಜಿ ಸ್ವರಕ್ಕೆ ಇಳಿಸಿ, ಉಳಿದೆರಡನ್ನು ಮಾಮೂಲಿ ಡಿ, ಜಿ ಸ್ವರಕ್ಕೇ ಬಿಟ್ಟರೆ ಜಿ-ಡಿ-ಜಿ ಶ್ರುತಿ ಸಿಗುತ್ತದೆ.

ಹಳೆ ಚೌಕಟ್ಟು ಪುಕ್ಕಟೆ ಸಿಕ್ಕಿತು, ನಾನು ಬೆರಳು ಒತ್ತಿ ನುಡಿಸುವವನು. ನನಗೆ ಸಾಗವಾನಿಯೇ. ಬೇವಿನದನ್ನು ತಮ್ಮನಿಗೆ ಕೊಟ್ಟೆ. ಅವನು ತಂತಿಯ ಮೇಲೆ ಗಾಜಿನ ಬಾಟಲಿ ಜಾರಿಸಿ ನುಡಿಸುತ್ತಾನೆ. ಅದಕ್ಕೆ ಎದ್ದ ತಂತಿಯೇ ಅನುಕೂಲ.