ಕನಕಪುರ ಲೋಕಸಭಾ ಕ್ಷೇತ್ರವನ್ನು ಹುಡುಕಿಕೊಟ್ಟ ಪರಾಮರ್ಶನ ವಿಭಾಗ

ಬೆಂಗಳೂರಿನ ಒಂದು ಸಾರ್ವಜನಿಕ ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿ ನಾನು ಕಳೆದ ತಿಂಗಳು ಮೂರು ದಿನ ಕುಳಿತದ್ದು ಒಂದೇ ಕೆಲಸಕ್ಕೆ: ಈಗ ಇಲ್ಲದ ಕನಕಪುರ ಲೋಕಸಭಾ ಕ್ಷೇತ್ರದ ಚರಿತ್ರೆಯನ್ನು ಮೂಲ ದಾಖಲೆಗಳಿಂದಲೇ ಬರೆದುಕೊಳ್ಳುವುದಕ್ಕೆ. ಅಲ್ಲಿನ ಸಿಬ್ಬಂದಿಗೆ ಪೂರ್ಣ ಅಂಕ ಕೊಡುತ್ತೇನೆ. ಅವರ ಕಂಪ್ಯೂಟರಿನಲ್ಲಿರುವ ಪುಸ್ತಕಸೂಚಿಗೆ ಅರ್ಧ ಕೊಡಲೂ ಮನಸ್ಸು ಬರುವುದಿಲ್ಲ.

ಸೂಚಿಯಲ್ಲಿ ಕನಕಪುರ ಎಂದು ಹಾಕಿದರೆ ವಿಧಾನಸಭಾ ಕ್ಷೇತ್ರ ಮಾತ್ರ ಸಿಗುತ್ತದೆ. 2001ರ ಜನಗಣತಿಯ ಆಧಾರದ ಮೇಲೆ ನಡೆದು 2008ರಲ್ಲಿ ಜಾರಿಗೆ ಬಂದ ಪುನರ್ವಿಂಗಡಣೆಯಲ್ಲಿ ಈ ಲೋಕಸಭಾ ಕ್ಷೇತ್ರ ರದ್ದಾಗಿ, ಅದರ ಬಹುಭಾಗ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದ್ದರಿಂದ, ಸೂಚಿ ಮಾಡಿದವರು ಹಳೆಯ ದಾಖಲೆಗಳನ್ನೂ ಹೊಸ ಹೆಸರಿನಡಿ ಸೇರಿಸಿಬಿಟ್ಟಿದ್ದಾರೆ. ಇದು ಬರೀ ಹೆಸರು ಬದಲಾದ ಸಂಗತಿಯಲ್ಲ. ಹೊಸ ಕ್ಷೇತ್ರಕ್ಕೆ ತುಮಕೂರು ಜಿಲ್ಲೆಯ ಕುಣಿಗಲ್ ಬಂದು ಸೇರಿತು, ಸಾತನೂರು ವಿಧಾನಸಭಾ ಕ್ಷೇತ್ರ ಇಲ್ಲವಾಯಿತು, ನಗರದ ಅಂಚಿನಲ್ಲಿ ಮಿತಿಮೀರಿ ಬೆಳೆದಿದ್ದ ಉತ್ತರಹಳ್ಳಿ ಹಂಚಿಹೋಯಿತು.

ನನ್ನ ಬೇಡಿಕೆ ಚೀಟಿಯನ್ನು ನೋಡಿದ ಸಹಾಯಕರು ಅದನ್ನು ಹಾಗೆಯೇ ಹಿಂದಿರುಗಿಸಿ, "ಎಪ್ಪತ್ತಮೂರಕ್ಕಿಂತ ಹಿಂದಿನದಾದರೆ ರಾಜ್ಯದ ಹೆಸರು ಮೈಸೂರು ಅಂತ ಬರೀರಿ ಸಾರ್, ಕರ್ನಾಟಕ ಅಂದ್ರೆ ಒಳಗಡೆ ಹುಡುಕೋಲ್ಲ" ಎಂದರು. ಅವರ ಮಾತು ನಿಜ. 1967ರ ಮತ್ತು 1971ರ ಚುನಾವಣಾ ವರದಿಗಳಲ್ಲಿ ಕನಕಪುರವಿರುವುದು ಮೈಸೂರು ರಾಜ್ಯದ ಪುಟಗಳಲ್ಲಿ. 1967ರಲ್ಲಿ ಗೆದ್ದ ಎಂ.ವಿ. ರಾಜಶೇಖರನ್ ಅವರೂ 1971ರಲ್ಲಿ ಗೆದ್ದ ಸಿ.ಕೆ. ಜಾಫರ್ ಷರೀಫ್ ಅವರೂ ನನಗೆ ಸಿಕ್ಕಿದ್ದು ಹತ್ತು ನಿಮಿಷದೊಳಗೆ, ಆ ಒಂದು ಮಾತಿನಿಂದ.

1977ರಿಂದ 1991ರವರೆಗಿನ ಸಂಪುಟಗಳು ಹೆಚ್ಚು ಹೊತ್ತು ಹಿಡಿಯಲಿಲ್ಲ, ಐದರಲ್ಲೂ ಗೆದ್ದವರು ಎಂ.ವಿ. ಚಂದ್ರಶೇಖರಮೂರ್ತಿಯವರೇ. ಓದಲು ರುಚಿಯಿರುವುದು ಆಮೇಲಿನ ಎಂಟು ವರ್ಷ. 1996ರಲ್ಲಿ, ತಂದೆ ಪ್ರಧಾನಿಯಾದ ವರ್ಷವೇ, ಎಚ್.ಡಿ. ಕುಮಾರಸ್ವಾಮಿ ಇಲ್ಲಿಂದ ಗೆದ್ದರು. 1998ರಲ್ಲಿ ಕ್ಷೇತ್ರ ಬಿಜೆಪಿಯ ಎಂ. ಶ್ರೀನಿವಾಸ್ ಅವರ ಪಾಲಾಯಿತು. 1999ರಲ್ಲಿ ಮತ್ತೆ ಚಂದ್ರಶೇಖರಮೂರ್ತಿಯವರಿಗೇ ಮರಳಿತು. ಮುಂದಿನ ಸಂಪುಟ 2004ರದು, ಅದರಲ್ಲಿ ತೇಜಸ್ವಿನಿ ಶ್ರೀರಮೇಶ್ ಎಚ್.ಡಿ. ದೇವೇಗೌಡರನ್ನು ಸೋಲಿಸಿದ್ದಾರೆ. ಈ ಎರಡು ಸಂಪುಟಗಳನ್ನಷ್ಟೇ ನೋಡಿ ಹೊರಟವರಿಗೆ ಹಾಸನದ ದೇವೇಗೌಡರು ಕನಕಪುರದಲ್ಲಿ ಸುಮ್ಮನೆ ಬಂದು ಸೋತರೆಂದು ತೋರುತ್ತದೆ. ಅವರು ಅಲ್ಲಿನ ಹಾಲಿ ಸಂಸದರಾಗಿದ್ದರು; 2002ರ ಉಪಚುನಾವಣೆಯಲ್ಲಿ ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿ ಗೆದ್ದಿದ್ದರು. ಉಪಚುನಾವಣೆಗಳು ಸಾರ್ವತ್ರಿಕ ಚುನಾವಣೆಯ ಸಂಪುಟಗಳಲ್ಲಿ ಸೇರುವುದಿಲ್ಲ. ನಾನು ಕೇಳುವ ಮೊದಲೇ ಅದೇ ಸಹಾಯಕರು 2002ರ ಪತ್ರಿಕೆಗಳ ಬೈಂಡನ್ನು ಹೊತ್ತು ತಂದು ಮೇಜಿನ ಮೇಲಿಟ್ಟರು. ಹನ್ನೊಂದು ಸಾರ್ವತ್ರಿಕ ಚುನಾವಣೆಗಳ ಲೆಕ್ಕಕ್ಕೆ ಹನ್ನೆರಡನೆಯದು ಕೂಡಿಕೊಂಡದ್ದು ಆ ಧೂಳು ಹಿಡಿದ ಬೈಂಡಿನಿಂದ.

ಕುಂದುಗಳೂ ಇವೆ. ಬೈಂಡಿನ ಹೊಲಿಗೆ ಬಿಗಿಯಾಗಿರುವುದರಿಂದ ಒಳಅಂಚಿನ ಕಾಲಂ ಓದಲು ಪುಟವನ್ನು ಅಂಗೈಯಿಂದ ಒತ್ತಿ ಹಿಡಿಯಬೇಕು, ಮತಗಳ ಪಟ್ಟಿ ಅಲ್ಲೇ ಇದ್ದರೆ ಕಡೆಯ ಅಂಕಿ ಮಡಿಕೆಯೊಳಗೆ ಹೋಗಿರುತ್ತದೆ. ಜೆರಾಕ್ಸ್ ಯಂತ್ರ ಮೂರು ದಿನವೂ ಕೆಟ್ಟಿತ್ತು. ಮೊಬೈಲಿನಲ್ಲಿ ಚಿತ್ರ ತೆಗೆಯಲು ಲಿಖಿತ ಅನುಮತಿ ಬೇಕು, ಅದಕ್ಕೆ ಸಹಿ ಹಾಕುವವರು ಊಟಕ್ಕೆ ಹೋದರೆ ಬರುವುದು ಮೂರಕ್ಕೆ. ಹೋಗುವವರು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಸೂಚಿಯ ಗೋಜಿಗೆ ಹೋಗದೆ, ಚೀಟಿಯಲ್ಲಿ ಕ್ಷೇತ್ರದ ಹೆಸರಿನ ಜೊತೆಗೆ ವರ್ಷವನ್ನೂ ಆಗಿನ ರಾಜ್ಯದ ಹೆಸರನ್ನೂ ಬರೆದು ನೇರವಾಗಿ ಸಹಾಯಕರ ಕೈಗೆ ಕೊಡುವುದು ಒಳ್ಳೆಯದು.