ಕನ್ನಡ ಡಿಸೈನ್ ಕೆಲಸಕ್ಕೆ ಯಾವ ಸಾಫ್ಟ್‌ವೇರ್? ನಾಲ್ಕನ್ನೂ ಬಳಸಿ ನೋಡಿದ ಮೇಲೆ

ನನ್ನ ಆಯ್ಕೆ ಇಂಕ್‌ಸ್ಕೇಪ್. ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದೋದು ಸುಲಭ. ದಾವಣಗೆರೆಯಲ್ಲಿ ಸ್ವಂತವಾಗಿ ಡಿಸೈನ್ ಕೆಲಸ ಶುರು ಮಾಡಿದಾಗ ಇಲ್ಲಸ್ಟ್ರೇಟರ್‌ಗೆ ಚಂದಾ ಕಟ್ಟಿದ್ದೆ. ಅದಕ್ಕೂ ಮುಂಚೆ ಡಿಟಿಪಿ ಅಂಗಡಿಯಲ್ಲಿ ಕೋರಲ್‌ಡ್ರಾ ಮೇಲೆ ಕೈ ಪಳಗಿತ್ತು. ಕ್ಯಾನ್ವಾ ಈಗಲೂ ಫೋನಿನಲ್ಲಿದೆ. ಆದರೆ ದುಡ್ಡು ತಂದುಕೊಡುವ ಕೆಲಸದಲ್ಲಿ ಜಾಸ್ತಿ ಪಾಲು ಇಂಕ್‌ಸ್ಕೇಪ್‌ನಲ್ಲೇ ಆಗುತ್ತಿದೆ.

ನನ್ನ ಹತ್ತಿರ ಬರುವ ಕೆಲಸ ಎಂಥದ್ದು ಅಂತ ತಿಳಿಯದೆ ಈ ಮಾತನ್ನು ನಂಬಬೇಡಿ. ಮದುವೆ ಕಾರ್ಡು, ಬೆಣ್ಣೆ ದೋಸೆ ಹೋಟೆಲಿನ ಮೆನು, ಕೋಚಿಂಗ್ ಸೆಂಟರಿನ ಪಾಂಪ್ಲೆಟ್, ಅಂಗಡಿ ಬೋರ್ಡು, ಅಕ್ಕಿ ಗಿರಣಿಯ ಚೀಲ. ಎಲ್ಲದರಲ್ಲೂ ಕನ್ನಡ ಇರುತ್ತದೆ, ಹಲವದರಲ್ಲಿ ಕನ್ನಡ ಮಾತ್ರ ಇರುತ್ತದೆ. ಬೆಂಗಳೂರಿನ ಸ್ಟಾರ್ಟ್‌ಅಪ್‌ಗಳಿಗೆ ಇಂಗ್ಲಿಷ್‌ನಲ್ಲಿ ಲೋಗೋ ಮಾಡುವವರ ಲೆಕ್ಕ ಬೇರೆ.

ಇಂಥ ಕೆಲಸದಲ್ಲಿ ನಾನು ನೋಡುವುದು ಒಂದೇ ವಿಷಯ. ಗಿರಾಕಿಯ ಫೋನಿನಲ್ಲಿರುವ ಮ್ಯಾಟರ್ ಪ್ರೆಸ್ಸಿನ ಪ್ಲೇಟಿಗೆ ಹೋಗುವ ತನಕ ಎಷ್ಟು ಸಲ ಕೈ ಬದಲಾಗುತ್ತದೆ? ಪ್ರತಿ ಸಲ ಕೈ ಬದಲಾದಾಗಲೂ ಒಂದು ತಪ್ಪು ಒಳಗೆ ನುಸುಳುತ್ತದೆ. ಮದುವೆ ಕಾರ್ಡಿನಲ್ಲಿ ಸೋದರಮಾವನ ಹೆಸರು ತಪ್ಪಾದರೆ ಡಿಸೈನ್ ಎಷ್ಟು ಚೆನ್ನಾಗಿದ್ದರೂ ಯಾರಿಗೆ ಬೇಕು?

ಕೋರಲ್‌ಡ್ರಾದಿಂದ ಶುರು ಮಾಡೋಣ, ನಮ್ಮ ಕಡೆ ಪ್ರೆಸ್ಸು, ಫ್ಲೆಕ್ಸ್ ಅಂಗಡಿ ಎಲ್ಲ ಕಡೆ ಇರುವುದು ಅದೇ ತಾನೆ. ಅಲ್ಲಿ ಕನ್ನಡ ಅಂದರೆ ಸಾಮಾನ್ಯವಾಗಿ ನುಡಿ, ಬರಹ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳು. ಈ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುತ್ತಾರೆ. ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇರುವುದಿಲ್ಲ. ಹಾಗಾಗಿಯೇ ಎಷ್ಟು ಹಳೆಯ ಸಾಫ್ಟ್‌ವೇರ್‌ನಲ್ಲೂ ಒತ್ತಕ್ಷರ ಒಡೆಯುವುದಿಲ್ಲ, ಪ್ರೆಸ್ಸಿನವರು ಅದನ್ನು ಬಿಡದಿರುವುದಕ್ಕೂ ಇದೇ ಕಾರಣ. ಅವರನ್ನು ನಾನು ದೂರುವುದಿಲ್ಲ. ಯೂನಿಕೋಡ್ ಕನ್ನಡ (ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ) ಸರಿಯಾಗಿ ಮೂಡದಿದ್ದ ಕಾಲದಲ್ಲಿ ನಾಡಿನ ಅಚ್ಚಿನ ಕೆಲಸವನ್ನೆಲ್ಲ ಹೊತ್ತಿದ್ದು ಈ ಫಾಂಟುಗಳೇ.

ಆದರೆ ಇವತ್ತು ಗಿರಾಕಿ ಮ್ಯಾಟರನ್ನು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಅದು ಯೂನಿಕೋಡ್. ನುಡಿ ಫಾಂಟಿಗೆ ತರಬೇಕಾದರೆ ಕನ್ವರ್ಟರ್‌ಗೆ ಹಾಕಬೇಕು, ಇಲ್ಲವೇ ಹೊಸದಾಗಿ ಟೈಪ್ ಮಾಡಬೇಕು. ಮತ್ತೆ ಟೈಪ್ ಮಾಡಿದರೆ ಮತ್ತೆ ಪ್ರೂಫ್ ನೋಡಬೇಕು. ಕೋರಲ್‌ಡ್ರಾದಲ್ಲಿ 2012ರ ಎಕ್ಸ್6 ಆವೃತ್ತಿಯಿಂದ ಈಚೆಗೆ ಯೂನಿಕೋಡ್ ಕನ್ನಡ ಕೂರುತ್ತದೆ. ಹಾಗಾಗಿ ಹೊಸ ಆವೃತ್ತಿ ಇದ್ದವರಿಗೆ ಈ ತೊಂದರೆ ಅರ್ಧ ಕಡಿಮೆ. ಉಳಿದ ಅರ್ಧ ಏನೆಂದರೆ, ಹೊಸ ಆವೃತ್ತಿಯ ಫೈಲ್ ಹಳೆಯದರಲ್ಲಿ ತೆರೆಯುವುದಿಲ್ಲ. ಹಳೆಯ ಆವೃತ್ತಿಗೆ ಸೇವ್ ಮಾಡಿ, ಅಕ್ಷರಗಳನ್ನು ಕರ್ವ್ಸ್ ಮಾಡಿ, ಅಂದರೆ ಫಾಂಟ್ ಬೇಡದ ಬರೀ ಆಕಾರಗಳಾಗಿ ಬದಲಿಸಿ ಕೊಡಬೇಕು. ಅಷ್ಟಕ್ಕೆ ಹೊಸ ಕೋರಲ್ ಯಾಕೆ ಕೊಳ್ಳಬೇಕು, ಪಿಡಿಎಫ್ ಕೊಟ್ಟರೆ ಆಗುವುದಿಲ್ಲವೇ? ಆಗುತ್ತದೆ. ಕರ್ವ್ಸ್ ಮಾಡಿದ ಪಿಡಿಎಫ್ ಕೋರಲ್‌ನಲ್ಲಿ ಇಂಪೋರ್ಟ್ ಆಗುತ್ತದೆ. "ಸಿಡಿಆರ್ ಫೈಲೇ ಕೊಡಿ ಸರ್" (ಕೋರಲ್‌ನ ಸ್ವಂತ ಫೈಲ್) ಅನ್ನುವ ಪ್ರೆಸ್ಸಿನವರೂ ಒಮ್ಮೆ ಇಂಪೋರ್ಟ್ ಮಾಡಿ ನೋಡಿದ ಮೇಲೆ ಸುಮ್ಮನಾಗುತ್ತಾರೆ.

ಇಲ್ಲಸ್ಟ್ರೇಟರ್ ಶಕ್ತಿಯ ಬಗ್ಗೆ ಹೇಳಬೇಕಾದ್ದೇನೂ ಇಲ್ಲ. ಕನ್ನಡದ ಮಟ್ಟಿಗೆ ಒಂದು ವಿಷಯ ಮಾತ್ರ ತಿಳಿದಿರಲಿ. ವಾಟ್ಸಾಪಿನಿಂದ ಅಂಟಿಸಿದ ಕನ್ನಡ ಒಡೆದು ಕಂಡರೆ ಫಾಂಟಿನ ಮೇಲೆ ತಪ್ಪು ಹೊರಿಸಬೇಡಿ. ಪ್ರಿಫರೆನ್ಸಸ್‌ನಲ್ಲಿ ಟೈಪ್ ಭಾಗಕ್ಕೆ ಹೋಗಿ ಇಂಡಿಕ್ ಆಪ್ಷನ್‌ಗಳನ್ನು ತೋರಿಸು ಅನ್ನುವುದಕ್ಕೆ ಗುರುತು ಹಾಕಿ. ಆಮೇಲೆ ಪ್ಯಾರಾಗ್ರಾಫ್ ಪ್ಯಾನೆಲಿನ ಮೆನುವಿನಲ್ಲಿ ಅಕ್ಷರ ಜೋಡಿಸುವ ವಿಧಾನವಾಗಿ ಸೌತ್ ಏಷ್ಯನ್ ಕಂಪೋಸರ್ ಆರಿಸಿ. ಒತ್ತುಗಳು ಜಾಗಕ್ಕೆ ಬಂದು ಕೂರುತ್ತವೆ. ಇದು ಪ್ಯಾರಾಗ್ರಾಫಿಗೆ ಸೇರಿದ ಸೆಟ್ಟಿಂಗ್. ಬೇರೆ ಫೈಲಿನಿಂದ ತಂದ ಪ್ಯಾರಾಗ್ರಾಫ್ ತನ್ನ ಹಳೆಯ ಕಂಪೋಸರ್ ಜೊತೆಗೇ ಬರಬಹುದು, ಅದನ್ನು ನೋಡಿಕೊಳ್ಳಿ.

ಇಲ್ಲಸ್ಟ್ರೇಟರ್ ನನಗೆ ಹೊಂದದಿರುವುದಕ್ಕೆ ಕಾರಣ ದುಡ್ಡು. ಚಂದಾ ನಿಲ್ಲಿಸಿದರೆ ಸಾಫ್ಟ್‌ವೇರ್ ಇಲ್ಲ. ನಮ್ಮ ಕಡೆ ಕೆಲಸಕ್ಕೆ ಸೀಸನ್ ಇದೆ: ಮದುವೆ ತಿಂಗಳುಗಳು, ಹಬ್ಬ, ಜೂನ್ ಹೊತ್ತಿಗೆ ಶಾಲೆ ಕಾಲೇಜು. ಆಷಾಢದಲ್ಲಿ ಕೈ ಖಾಲಿ, ಚಂದಾ ಮಾತ್ರ ಖಾಲಿ ಇರುವುದಿಲ್ಲ. ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದವರಿಗೆ ಕಟ್ಟಿದ ತೆರಿಗೆ ವಾಪಸ್ ಸಿಗುವುದೂ ಇಲ್ಲ, ಅದು ಪೂರ್ತಿ ನಮ್ಮ ಖರ್ಚೇ. ಹೊಸದಾಗಿ ಶುರು ಮಾಡುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಲೇಬೇಕು.

ಕ್ಯಾನ್ವಾ: ಇನ್‌ಸ್ಟಾಗ್ರಾಂ ಪೋಸ್ಟಿಗೆ, ಹಬ್ಬದ ಶುಭಾಶಯಕ್ಕೆ ಬಹಳ ಒಳ್ಳೆಯದು. ಕನ್ನಡ ಒಡೆಯುವುದಿಲ್ಲ. ಪ್ರಿಂಟಿಗೆ ಸಿಎಂವೈಕೆ (ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕ) ಪಿಡಿಎಫ್ ಬೇಕಾದರೆ ದುಡ್ಡು ಕೊಟ್ಟು ಕೊಳ್ಳುವ ಪ್ರೊ ಬೇಕು. ಲೋಗೋ ಮಾತ್ರ ಅದರ ಟೆಂಪ್ಲೇಟಿನಿಂದ ಮಾಡಿಕೊಡಬೇಡಿ. ಆ ಚಿತ್ರಗಳು ಎಲ್ಲರಿಗೂ ಸಿಗುತ್ತವೆ, ಟ್ರೇಡ್‌ಮಾರ್ಕ್ ಮಾಡಿಸಲು ಅದರ ಸ್ಟಾಕ್ ಚಿತ್ರಗಳಿಗೆ ಅನುಮತಿ ಇಲ್ಲ. ನಿಮ್ಮನ್ನು ನಂಬಿ ಗಿರಾಕಿ ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಅದು ನಿಮ್ಮ ಜವಾಬ್ದಾರಿ ಆಗುತ್ತದೆ.

ಇನ್ನು ಇಂಕ್‌ಸ್ಕೇಪ್. 2003ರಿಂದ ಇರುವ ಮುಕ್ತ ತಂತ್ರಾಂಶ, ಪೂರ್ತಿ ಉಚಿತ. ವಾಟ್ಸಾಪಿನಿಂದ ಮ್ಯಾಟರ್ ಅಂಟಿಸಿದರೆ ಕನ್ನಡ ಹಾಗೇ ಸರಿಯಾಗಿ ಬರುತ್ತದೆ. ಯಾವ ಗುರುತೂ ಹಾಕಬೇಕಿಲ್ಲ. ಅನೆಕ್ ಕನ್ನಡ, ಬಾಲೂ ತಮ್ಮ, ಟಿರೊ ಕನ್ನಡ, ಬೆಣ್ಣೆ, ನೋಟೊ, ಹೀಗೆ ಮುಕ್ತ ಪರವಾನಗಿಯ ಒಳ್ಳೆಯ ಫಾಂಟುಗಳಿವೆ. ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಅನೆಕ್‌ನಲ್ಲಿ ತೆಳುವಿನಿಂದ ದಪ್ಪದವರೆಗೆ, ಕಿರಿದಿನಿಂದ ಅಗಲದವರೆಗೆ ಬಗೆಬಗೆ ಸಿಗುತ್ತದೆ. ಮೆನುವಿನಲ್ಲಿ ತಿಂಡಿಯ ಹೆಸರು ಉದ್ದವಾದಾಗ ಇದರ ಬೆಲೆ ಗೊತ್ತಾಗುತ್ತದೆ. ಯೂನಿಕೋಡ್‌ನಲ್ಲಿ ಒಂದು ಕಡೆ ಎಚ್ಚರ ಬೇಕು: ಕೋಚಿಂಗ್ ಸೆಂಟರಿನವರ 'ರ‍್ಯಾಂಕ್'. ರ ಆದಮೇಲೆ ಕಣ್ಣಿಗೆ ಕಾಣದ ಒಂದು ಜೋಡಣೆ ಚಿಹ್ನೆ ಇರುತ್ತದೆ. ಅದು ಬಿದ್ದುಹೋದರೆ ಯ ಮುಂದೆ ಬಂದು ಅರ್ಕಾವತ್ತು ಕೂತುಬಿಡುತ್ತದೆ. ನಾಲ್ಕೂ ಸಾಫ್ಟ್‌ವೇರ್‌ಗಳಲ್ಲಿ ಇದನ್ನು ಕಣ್ಣಿಟ್ಟು ನೋಡಬೇಕು.

ಈಗ ದೊಡ್ಡ ತೊಡಕಿಗೆ ಬರುತ್ತೇನೆ. ನಾನು ಬಳಸುವ ಇಂಕ್‌ಸ್ಕೇಪ್ 1.4 ಪಿಡಿಎಫ್ ಕೊಡುವುದು ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಕೆಂಪು, ಹಸಿರು, ನೀಲಿ ಲೆಕ್ಕದಲ್ಲಿ. ಆಫ್‌ಸೆಟ್ ಪ್ರೆಸ್ಸಿಗೆ ಬೇಕಾದ್ದು ಸಿಎಂವೈಕೆ. ಬಣ್ಣ ಸ್ವಲ್ಪ ಮಂಕಾಗುತ್ತದೆ ಅಷ್ಟೇ ಅಂತ ಅನೇಕರು ಅಂದುಕೊಳ್ಳುತ್ತಾರೆ. ನಿಜವಾದ ತಲೆನೋವು ಬಣ್ಣದ್ದಲ್ಲ, ಕಪ್ಪಿನದ್ದು.

ಪರದೆಯ ಮೇಲಿನ ಕಪ್ಪನ್ನು ಸಿಎಂವೈಕೆಗೆ ತಿರುಗಿಸಿದಾಗ ಅದು ಕಪ್ಪು ಶಾಯಿ ಒಂದೇ ಆಗಿ ಉಳಿಯುವುದಿಲ್ಲ. ಫೋಟೋಶಾಪ್‌ನ ಮಾಮೂಲಿ ಅಮೆರಿಕನ್ ಬಣ್ಣದ ಪ್ರೊಫೈಲಿನಲ್ಲಿ ಅದು ಶೇಕಡಾ ಲೆಕ್ಕದಲ್ಲಿ ಸಯಾನ್ 75, ಮೆಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ. ಅಂದರೆ ಮೆನುವಿನ ಸಣ್ಣ ಅಕ್ಷರವೂ ಒಂದೊಂದು ಶಾಯಿಗೆ ಒಂದರಂತೆ ನಾಲ್ಕು ಪ್ಲೇಟಿನಲ್ಲಿ ಅಚ್ಚಾಗಬೇಕು. ಒಂದು ಪ್ಲೇಟ್ ಕೂದಲೆಳೆ ಸರಿದರೂ ಅಕ್ಷರದ ಅಂಚಿನಲ್ಲಿ ಬಣ್ಣ ಇಣುಕುತ್ತದೆ. ಕನ್ನಡಕ್ಕೆ ಇದು ಇಂಗ್ಲಿಷಿಗಿಂತ ಜಾಸ್ತಿ ಹೊಡೆತ. ನಮ್ಮ ಒತ್ತಕ್ಷರ ಮೊದಲೇ ಚಿಕ್ಕದು. ಎಂಟು ಪಾಯಿಂಟಿನಲ್ಲಿ 'ಕ್ಷ', 'ಷ್ಟ್ರ' ಒಳಗಿನ ಬಿಳಿ ಜಾಗವೇ ಮುಚ್ಚಿಹೋಗುತ್ತದೆ. ನನ್ನ ಒಂದು ಮೆನುವನ್ನು ಪ್ರೆಸ್ಸಿನ ಹಿರಿಯರೊಬ್ಬರು ಪ್ಲೇಟ್ ಹೊಡೆಯುವ ಮುಂಚೆಯೇ ಪರದೆಯ ಮೇಲೆ ಬಿಡಿಸಿ ತೋರಿಸಿದರು. "ನೋಡಪ್ಪಾ, ನಿನ್ನ ಕಪ್ಪು ನಾಲ್ಕೂ ಕಡೆ ಕೂತಿದೆ." ಅವರ ಋಣ ದೊಡ್ಡದು.

ಇದಕ್ಕೆ ದಾರಿ ಸ್ಕ್ರೈಬಸ್ ಅನ್ನುವ ಪುಟ ವಿನ್ಯಾಸದ ಸಾಫ್ಟ್‌ವೇರ್. ಅದೂ ಉಚಿತ. ಇಂಕ್‌ಸ್ಕೇಪ್‌ನಲ್ಲಿ ಡಿಸೈನ್ ಮುಗಿದ ಮೇಲೆ ಇನ್ನೊಂದು ಪ್ರತಿ ಮಾಡಿ, ಅದರಲ್ಲಿ ಅಕ್ಷರಗಳನ್ನೆಲ್ಲ ಪಾತ್ (ಕೋರಲ್‌ನ ಕರ್ವ್ಸ್ ಇದ್ದ ಹಾಗೆ) ಮಾಡುತ್ತೇನೆ. ತಿದ್ದಲು ಬರುವ ಮೂಲ ಪ್ರತಿ ಬೇರೆ ಇರಲಿ, ಗಿರಾಕಿ ಕೊನೆ ಗಳಿಗೆಯಲ್ಲಿ ರೇಟು ಬದಲಿಸುತ್ತಾರೆ. ಪಾತ್ ಮಾಡಿದ ಆ ಎಸ್‌ವಿಜಿಯನ್ನು (ಇಂಕ್‌ಸ್ಕೇಪ್‌ನ ಫೈಲ್) ಸ್ಕ್ರೈಬಸ್‌ಗೆ ಇಂಪೋರ್ಟ್ ಮಾಡಿದರೆ ಪ್ರತಿ ಬಣ್ಣವೂ 'ಫ್ರಮ್‌ಎಸ್‌ವಿಜಿ' ಅನ್ನುವ ಹೆಸರಿನಲ್ಲಿ ಬಣ್ಣಗಳ ಪಟ್ಟಿಗೆ ಬಂದು ಸೇರುತ್ತದೆ. ಅಲ್ಲಿ ಕಪ್ಪನ್ನು ತೆರೆದು ಸಿಎಂವೈಕೆಗೆ ಬದಲಿಸಿ, ಕಪ್ಪು 100, ಉಳಿದ ಮೂರೂ ಸೊನ್ನೆ ಅಂತ ಕೊಡಿ. ಇಡೀ ಪುಟದ ಕಪ್ಪು ಒಂದೇ ಏಟಿಗೆ ಸರಿಹೋಗುತ್ತದೆ. ಕುಂಕುಮದ ಕೆಂಪಿಗೆ ಮೆಜೆಂಟಾ 100, ಹಳದಿ 100. ಆಮೇಲೆ ಪಿಡಿಎಫ್ ತೆಗೆಯುವಾಗ ಬಣ್ಣದ ಭಾಗದಲ್ಲಿ ಪ್ರಿಂಟರ್ ಅಂತ ಆರಿಸಿ, ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಉಳಿಯದಂತೆ ಹೊರಗೆ ಚಾಚಿದ ಭಾಗ) ಬಿಡಿ.

ಹೆಚ್ಚುವರಿ ಕೆಲಸ ಹೌದು. ಇಂಕ್‌ಸ್ಕೇಪ್‌ನಲ್ಲಿ ಹಾಕಿದ ಮಸುಕು ನೆರಳುಗಳೂ ಸ್ಕ್ರೈಬಸ್‌ಗೆ ಬರುವುದಿಲ್ಲ, ಹಾಗಾಗಿ ನೆರಳಿಲ್ಲದ ಚೊಕ್ಕ ಡಿಸೈನ್ ಮಾಡುವುದು ರೂಢಿಯಾಗಿದೆ. ಅಚ್ಚಿಗೆ ಅದೇ ಚೆಂದ ಅಂತ ನನಗೆ ಅನ್ನಿಸುತ್ತದೆ. ಅಕ್ಕಿ ಚೀಲಕ್ಕಂತೂ ನೆರಳಿನ ಪ್ರಶ್ನೆಯೇ ಇಲ್ಲ. ಅಲ್ಲಿ ಎರಡು ಮೂರು ಅಪ್ಪಟ ಬಣ್ಣ, ಒಂದೊಂದಕ್ಕೆ ಒಂದೊಂದು ಪ್ಲೇಟ್. ಇಂಕ್‌ಸ್ಕೇಪ್‌ನಲ್ಲಿ ಒಂದೊಂದು ಬಣ್ಣವನ್ನೂ ಒಂದೊಂದು ಲೇಯರ್‌ನಲ್ಲಿ ಇಟ್ಟರೆ ಸಾಕು.

ಸ್ಕ್ರೈಬಸ್ ಹಾಕಿಕೊಳ್ಳುವಾಗ 2024ರಲ್ಲಿ ಬಂದ 1.6 ಅಥವಾ ಅದರ ನಂತರದ್ದೇ ಇರಲಿ. ಸ್ಕ್ರೈಬಸ್‌ನ ಹಳೆಯ 1.4ರಲ್ಲಿ ಕನ್ನಡ ಒಡೆಯುತ್ತದೆ. ಪುಸ್ತಕ, ಸ್ಮರಣ ಸಂಚಿಕೆ ಮಾಡುವವರು ಮ್ಯಾಟರನ್ನು ನೇರವಾಗಿ ಸ್ಕ್ರೈಬಸ್‌ನಲ್ಲೇ ಕೂರಿಸಿ. ಉದ್ದದ ಮ್ಯಾಟರಿಗೆ ಇಂಕ್‌ಸ್ಕೇಪ್ ಅಲ್ಲ.

ಹಾಗಾದರೆ ಯಾರು ಯಾವುದನ್ನು ತೆಗೆದುಕೊಳ್ಳಬೇಕು? ಪ್ರೆಸ್ಸಿನ ಒಳಗೇ ಕೂತು, ಅವರ ಹಳೆಯ ಫೈಲುಗಳನ್ನೇ ದಿನವೂ ತಿದ್ದುವ ಕೆಲಸವಾದರೆ ಕೋರಲ್ ಬೇಕೇ ಬೇಕು. ಏಜೆನ್ಸಿಗಳಿಗೆ ಕೆಲಸ ಮಾಡಿ ಪ್ರತಿ ವಾರ ಎಐ ಫೈಲ್ (ಇಲ್ಲಸ್ಟ್ರೇಟರ್‌ನ ಸ್ವಂತ ಫೈಲ್) ಕೊಡಬೇಕಾದವರಿಗೆ ಇಲ್ಲಸ್ಟ್ರೇಟರ್ ಚಂದಾ ವಸೂಲಾಗುತ್ತದೆ. ನನ್ನ ಹಾಗೆ ಊರಿನಲ್ಲಿದ್ದು, ಕನ್ನಡದ ಕೆಲಸ ನೆಚ್ಚಿಕೊಂಡು, ಮೊದಲ ವರ್ಷದ ದುಡ್ಡನ್ನು ಜೋಪಾನ ಮಾಡಬೇಕಾದವರು ಇಂಕ್‌ಸ್ಕೇಪ್ ಮತ್ತು ಸ್ಕ್ರೈಬಸ್ ಹಾಕಿಕೊಳ್ಳಿ. ಉಳಿದ ದುಡ್ಡಿನಲ್ಲಿ ಒಳ್ಳೆಯ ಮಾನಿಟರ್ ತೆಗೆದುಕೊಳ್ಳಿ, ನಾನು ಹಾಗೇ ಮಾಡಿದೆ.

ಎಐ ಫೈಲೇ ಬೇಕು ಅನ್ನುವ ಕೆಲಸ ಅಪರೂಪಕ್ಕೆ ನನಗೂ ಬರುತ್ತದೆ. ಆಗ ಒಂದು ತಿಂಗಳ ಮಟ್ಟಿಗೆ ಚಂದಾ ಕಟ್ಟುತ್ತೇನೆ. ವರ್ಷದ ಪ್ಲಾನಿಗಿಂತ ತಿಂಗಳಿಗೆ ದುಬಾರಿ ಬೀಳುತ್ತದೆ. ಅದನ್ನು ಕೊಟೇಶನ್ನಿನಲ್ಲೇ ಬೇರೆ ಸಾಲಿನಲ್ಲಿ ಬರೆದು ಕಳಿಸುತ್ತೇನೆ, ಗಿರಾಕಿಗಳು ಅದನ್ನು ತಕರಾರಿಲ್ಲದೆ ಕೊಡುತ್ತಿದ್ದಾರೆ.