ಸಿಮೋನ್ ದಿಸೆಯೋ, ಲೊತೇರಿಯಾವೋ?

ಸ್ಪ್ಯಾನಿಷ್ ತರಗತಿಯಲ್ಲಿ ಲ್ಯಾಪ್‌ಟಾಪ್ ತೆರೆ, ಮುಚ್ಚು, ಚಾರ್ಜಿಗೆ ಹಾಕು ಅನ್ನೋದನ್ನು ಆಟದಲ್ಲೇ ಕಲಿಸಲು ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ.

‘ಸಿಮೋನ್ ದಿಸೆ’ ಅಂದರೆ ‘ಸಿಮೋನ್ ಹೇಳುತ್ತಾನೆ’, ಆ ಮಾತು ಸೇರಿಸಿ ಹೇಳಿದ್ದನ್ನು ಮಾತ್ರ ಮಾಡುವ ಆಟ. ಇದಕ್ಕೆ ತಯಾರಿಯೇ ಬೇಡ. ‘ಸಿಮೋನ್ ದಿಸೆ, ಸಿಯೆರ್ರೆನ್’ ಅಂದರೆ ಮುಚ್ಚಬೇಕು. ಬರೀ ‘ಸಿಯೆರ್ರೆನ್’ ಅಂದಾಗ ಮುಚ್ಚಿದವರು ಔಟ್. ಕೈಗೆ ರೂಢಿಯಾಗುತ್ತದೆ. ಆದರೆ ಔಟ್ ಆದವರು ಸುಮ್ನೆ ಕೂರುತ್ತಾರೆ, ಅವರಿಗೇ ಅಭ್ಯಾಸ ಜಾಸ್ತಿ ಬೇಕು ಅಲ್ವಾ? ನಾನಾದರೆ ಅಂಕ ಮಾತ್ರ ಕಳೆಯುತ್ತೇನೆ. (ಆಟ ಮುಗಿದ ಮೇಲೂ, ಸಿಮೋನ್ ಹೇಳದಿದ್ದರೆ ಮುಚ್ಚಬೇಕಿಲ್ಲ ಅಂತ ಮಕ್ಕಳು ವಾದಿಸಿದರೆ ನಗಬೇಡಿ!)

ಮೆಕ್ಸಿಕೋದ ಲೊತೇರಿಯಾ ನಮ್ಮ ತಂಬೋಲಾದಂತೆ, ಸಂಖ್ಯೆಯ ಬದಲು ಚಿತ್ರ. ಮೂಲ ಆಟದಲ್ಲಿ 54 ಚಿತ್ರಗಳು. ನಿಮಗೆ 20 ಸಾಕು. ಮೌಸ್, ಪರದೆ, ಚಾರ್ಜರ್ ಬರೆದು ಲ್ಯಾಮಿನೇಟ್ ಮಾಡಿಸಿದರೆ ವರ್ಷಗಟ್ಟಲೆ ಬರುತ್ತದೆ. ಪದ ಉಳಿಯುತ್ತದೆ, ಕೈ ಮಾತ್ರ ಕಲಿಯುವುದಿಲ್ಲ.

ಮೊದಲ ವಾರಕ್ಕೆ, ಚಿಕ್ಕ ಮಕ್ಕಳಿಗೆ ಸಿಮೋನ್. ಲ್ಯಾಪ್‌ಟಾಪ್ ಕಡಿಮೆ ಇದ್ದರೆ ಲೊತೇರಿಯಾ.